ಕೋಟಿ ಕರೆ, ಚೆನ್ನಯ ಕರೆ: ಕಂಬಳ ಋತುವಿನ ಹೊಸ್ತಿಲಲ್ಲಿ ಅವಳಿ ವೀರರ ಬದುಕು

ಮೂಡುಬಿದಿರೆ: ಏಣೇಲು ಬೆಳೆಯ ಕೊಯ್ಲು ಮುಗಿದು ತುಳುನಾಡಿನ ಗದ್ದೆಗಳು ಬರಿದಾಗುವ ನವೆಂಬರ್ ತಿಂಗಳೆಂದರೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕಂಬಳದ ಋತು ತೆರೆದುಕೊಳ್ಳುವ ಕಾಲ. ಯುರೋಪಿನ ಫುಟ್‌ಬಾಲ್ ಲೀಗ್‌ಗಳ ವೇಳಾಪಟ್ಟಿಗಾಗಿ ಅಲ್ಲಿನ ಅಭಿಮಾನಿಗಳು ಕಾಯುವಂತೆಯೇ ಕರಾವಳಿಯ ಕಂಬಳಾಭಿಮಾನಿಗಳು ಜಿಲ್ಲಾ ಕಂಬಳ ಸಮಿತಿ ಪ್ರಕಟಿಸುವ ದಿನಾಂಕಗಳ ಪಟ್ಟಿಗಾಗಿ ಕಾಯುತ್ತಾರೆ. ಅಲ್ಲಿಂದ ಮಾರ್ಚ್ ಕೊನೆಯವರೆಗೆ, ಕೆಲವೊಮ್ಮೆ ಏಪ್ರಿಲ್‌ವರೆಗೂ, ವಾರಾಂತ್ಯಗಳಲ್ಲಿ ಒಂದೊಂದು ಊರಿನಲ್ಲಿ ಹಗಲಿರುಳೆನ್ನದೆ ಕೋಣಗಳ ಓಟ ನಡೆಯುತ್ತದೆ. ಯಾವ ಮನೆಯ ಕೋಣಗಳು ಯಾವ ವಿಭಾಗದಲ್ಲಿ ಸ್ಪರ್ಧಿಸಲಿವೆ, ಯಾವ ಓಟಗಾರ ಯಾರ ಜೋಡಿಯನ್ನು ಹಿಡಿಯಲಿದ್ದಾನೆ ಎಂಬ ಚರ್ಚೆ ಮಳೆಗಾಲ ಮುಗಿಯುವ ಮೊದಲೇ ಆರಂಭವಾಗಿರುತ್ತದೆ.

ಈ ಋತುವಿನ ಕಣಗಳಲ್ಲಿ ಬಹುತೇಕ ಎಲ್ಲಕ್ಕೂ ಒಂದು ಜೋಡಿ ಹೆಸರಿದೆ. ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯದು ವೀರ-ವಿಕ್ರಮ ಕಂಬಳ, ಅದೇ ತಾಲೂಕಿನ ಕಕ್ಯಪದವಿನದು ಸತ್ಯ-ಧರ್ಮ ಕಂಬಳ. ಬೆಳ್ತಂಗಡಿ ತಾಲೂಕಿನ ವೇಣೂರು-ಪೆರ್ಮುಡದ್ದು ಸೂರ್ಯ-ಚಂದ್ರ ಕಂಬಳ. ಮೂಡುಬಿದಿರೆ ಒಂಟಿಕಟ್ಟೆಯ ಕಡಲಕೆರೆ ನಿಸರ್ಗಧಾಮದಲ್ಲಿ ನಡೆಯುವುದು ಕೋಟಿ-ಚೆನ್ನಯ ಜೋಡುಕರೆ ಕಂಬಳ. ಅಕ್ಕಪಕ್ಕದಲ್ಲಿ ನಿರ್ಮಿಸಿದ ಎರಡು ಕೆಸರಿನ ಓಟದ ಹಾದಿಗಳಿಗೆ ಕರೆಗಳೆಂದು ಹೆಸರು. ಒಂದು ಕರೆಗೆ ಜೋಡಿಯ ಒಬ್ಬನ ಹೆಸರು, ಇನ್ನೊಂದಕ್ಕೆ ಇನ್ನೊಬ್ಬನ ಹೆಸರು. ಮೂಡುಬಿದಿರೆಯಲ್ಲಿ ರಾತ್ರಿಯಿಡೀ ಧ್ವನಿವರ್ಧಕದಿಂದ ಕೇಳಿಬರುವುದು ಕೋಟಿ ಕರೆ ಮತ್ತು ಚೆನ್ನಯ ಕರೆ ಎಂಬ ಎರಡು ಹೆಸರುಗಳೇ.

ಸೂರ್ಯ-ಚಂದ್ರ, ಸತ್ಯ-ಧರ್ಮ ಮೊದಲಾದ ಹೆಸರುಗಳು ಶುಭಸೂಚಕವಾದವು. ಕೋಟಿ-ಚೆನ್ನಯರ ಹೆಸರಿನ ಸಂಗತಿ ಬೇರೆ. ಈ ಅವಳಿ ಸಹೋದರರ ಬದುಕಿನ ದಿಕ್ಕು ಬದಲಾದದ್ದೇ ಒಂದು ಕಂಬಳ ಗದ್ದೆಯ ಬದುವಿನ ಮೇಲೆ, ನೀರಿನ ವಿಚಾರವಾಗಿ ನಡೆದ ಜಗಳದಿಂದ. ಕಂಬಳದ ಕಣಕ್ಕೆ ಇವರ ಹೆಸರನ್ನಿಡುವುದೆಂದರೆ, ತಿಳಿದೋ ತಿಳಿಯದೆಯೋ, ಗದ್ದೆ ಯಾರದು ಮತ್ತು ನೀರು ಮೊದಲು ಯಾರಿಗೆ ಎಂಬ ಹಳೆಯ ಪ್ರಶ್ನೆಯನ್ನು ಆ ಕಣದಲ್ಲಿ ನಿಲ್ಲಿಸಿದಂತೆ. ಹೊಸ ಋತುವಿನ ಸಿದ್ಧತೆಗಳ ನಡುವೆ ಅವರ ಬದುಕನ್ನು ಮತ್ತೊಮ್ಮೆ ನೆನೆಯಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಪಾಡ್ದನವೇ ಚರಿತ್ರೆ

ಕೋಟಿ-ಚೆನ್ನಯರ ಬದುಕಿನ ವಿವರಗಳು ಶಾಸನಗಳಿಂದ ಬಂದವಲ್ಲ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಮತ್ತು ದೈವದ ನೇಮ ಕಟ್ಟುವ ಕಲಾವಿದರು ತಲೆಮಾರುಗಳಿಂದ ಹಾಡುತ್ತ ಬಂದ ತುಳು ಪಾಡ್ದನಗಳೇ ಅವುಗಳ ಮೂಲ. ಊರಿಂದ ಊರಿಗೆ, ಹಾಡುವವರಿಂದ ಹಾಡುವವರಿಗೆ ಕಥೆಯ ಪಾಠ ಬದಲಾಗುತ್ತದೆಯಾದರೂ ಅದರ ಬೆನ್ನೆಲುಬು ಎಲ್ಲೆಡೆ ಒಂದೇ. ಅವರ ಕಾಲವನ್ನು ಸಾಮಾನ್ಯವಾಗಿ 16ನೇ ಶತಮಾನಕ್ಕೆ ಸೇರಿಸಲಾಗುತ್ತದೆ. ತುಳುನಾಡು ಆಗ ಅರಸರ ಅಧೀನದಲ್ಲಿ ಸಣ್ಣ ಸಣ್ಣ ಸೀಮೆಗಳಾಗಿ ಹಂಚಿಹೋಗಿತ್ತು. ಒಂದೊಂದು ಸೀಮೆಗೆ ಒಬ್ಬೊಬ್ಬ ಬಲ್ಲಾಳ, ಬಲ್ಲಾಳನಿಗೊಂದು ಬೀಡು, ಬೀಡಿನ ಮುಂದೆ ವಿಶಾಲವಾದ ಗದ್ದೆ, ಆಡಳಿತ ನೋಡಿಕೊಳ್ಳಲು ಒಬ್ಬ ಮಂತ್ರಿ ಎಂಬುದು ಅಂದಿನ ವ್ಯವಸ್ಥೆ.

ಮೂಡುಬಿದಿರೆಯಿಂದ ದಕ್ಷಿಣಕ್ಕೆ ಸಾಗಿ, ಬಂಟ್ವಾಳದಲ್ಲಿ ನೇತ್ರಾವತಿಯನ್ನು ದಾಟಿ ಮುಂದುವರಿದರೆ ಪುತ್ತೂರು ಸೀಮೆ ಸಿಗುತ್ತದೆ. ಕಥೆ ಆರಂಭವಾಗುವುದು ಅಲ್ಲಿನ ಪಡುಮಲೆಯಲ್ಲಿ. ಪಡುಮಲೆಯ ಬೀಡಿನಲ್ಲಿ ಆಳುತ್ತಿದ್ದವನು ಪೆರುಮಳೆ ಬಲ್ಲಾಳ. ಬೇಟೆಗೆ ಹೋದ ಬಲ್ಲಾಳನ ಕಾಲಿಗೆ ವಿಷಮುಳ್ಳು ನಾಟಿ ಗಾಯ ಕೊಳೆಯತೊಡಗಿತು. ಬಂದ ವೈದ್ಯರೆಲ್ಲ ಕೈಚೆಲ್ಲಿದರು. ಆಗ ಬೀಡಿನವರಿಗೆ ನೆನಪಾದದ್ದು ಸೊಪ್ಪು ಬೇರುಗಳ ಮದ್ದಿನಲ್ಲಿ ಹೆಸರಾಗಿದ್ದ ದೇಯಿ ಬೈದ್ಯೆತಿ.

ದೇಯಿಯ ಹಿನ್ನೆಲೆಯೇ ಒಂದು ದಾರುಣ ಕಥೆ. ಪಾಡ್ದನದ ಪ್ರಕಾರ ಅವಳು ಬ್ರಾಹ್ಮಣ ದಂಪತಿಯ ಮನೆಯಲ್ಲಿ ಬೆಳೆದ ಹುಡುಗಿ. ಮದುವೆಗೆ ಮುನ್ನವೇ ಮೈನೆರೆದಳೆಂಬ ಕಾರಣಕ್ಕೆ ಅಂದಿನ ಕಟ್ಟಳೆಯಂತೆ ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಡಲಾಯಿತು. ಶೇಂದಿ ಇಳಿಸುವ ಕಾಯಕದ ಸಾಯನ ಬೈದ್ಯನ ಕಣ್ಣಿಗೆ ಅವಳು ಬಿದ್ದಳು. ಅವನು ಅವಳನ್ನು ಮನೆಗೆ ಕರೆತಂದು ಒಡಹುಟ್ಟಿದವಳಂತೆ ಸಾಕಿದ. ಮುಂದೆ ಕಾಂತಣ್ಣ ಬೈದ್ಯನೊಂದಿಗೆ ಅವಳ ಮದುವೆಯಾಯಿತು. ಮೇಲುಜಾತಿ ಹೊರದಬ್ಬಿದ ಹೆಣ್ಣನ್ನು ಬಿಲ್ಲವರ ಮನೆ ಕಾಪಾಡಿತು, ಅವಳ ಕೈಯ ಮದ್ದು ಕೊನೆಗೆ ಒಬ್ಬ ಅರಸನ ಪ್ರಾಣ ಉಳಿಸಿತು. ಕಥೆಯ ಮುಂದಿನ ನ್ಯಾಯ-ಅನ್ಯಾಯಗಳ ಲೆಕ್ಕಾಚಾರವೆಲ್ಲ ಈ ಬುನಾದಿಯ ಮೇಲೆಯೇ ನಿಂತಿದೆ.

ತುಂಬು ಗರ್ಭಿಣಿಯಾಗಿದ್ದ ದೇಯಿಯನ್ನು ದಂಡಿಗೆಯಲ್ಲಿ ಬೀಡಿಗೆ ಕರೆತರಲಾಯಿತು. ಅವಳು ಮದ್ದು ಅರೆದು ಹಚ್ಚಿದಳು. ಬಲ್ಲಾಳ ಚೇತರಿಸಿಕೊಂಡ. ಸಂತೋಷದ ಭರದಲ್ಲಿ ಅವಳಿಗೂ ಅವಳ ಹೊಟ್ಟೆಯಲ್ಲಿದ್ದ ಸಂತಾನಕ್ಕೂ ತಕ್ಕ ಉಡುಗೊರೆಯ ಮಾತು ಕೊಟ್ಟ. ಅವಳು ಮನೆ ಸೇರುವ ಮೊದಲೇ ಹೆರಿಗೆಯಾಗಿ ಅವಳಿ ಗಂಡುಮಕ್ಕಳು ಜನಿಸಿದರು. ಕೋಟೇಶ್ವರನ ಹೆಸರಿನಿಂದ ಒಬ್ಬನಿಗೆ ಕೋಟಿ ಎಂದೂ, ಚೆನ್ನಕೇಶವನ ಹೆಸರಿನಿಂದ ಇನ್ನೊಬ್ಬನಿಗೆ ಚೆನ್ನಯ ಎಂದೂ ಹೆಸರಾಯಿತು. ಕೆಲವೇ ದಿನಗಳಲ್ಲಿ ದೇಯಿ ತೀರಿಕೊಂಡಳು. ಮಾತು ಕೊಟ್ಟವನು ಉಳಿದ, ಮಾತು ಪಡೆದವಳು ಉಳಿಯಲಿಲ್ಲ. ಮಕ್ಕಳು ಸಾಯನ ಬೈದ್ಯನ ಆಶ್ರಯದಲ್ಲಿ ಬೆಳೆದರು. ಆ ಮನೆತನದ ನೆಲೆಯೆಂದು ಗುರುತಿಸಲಾಗುವ ಗೆಜ್ಜೆಗಿರಿ ನಂದನಬಿತ್ತಿಲಿನಲ್ಲಿ 2020ರಲ್ಲಿ ಬ್ರಹ್ಮಕಲಶೋತ್ಸವ ನಡೆಯಿತು.

ಬದುವಿನ ಮೇಲಿನ ಜಗಳ

ಪಾಡ್ದನಗಳಲ್ಲಿ ಸಹೋದರರ ಸ್ವಭಾವ ಬೇರೆ ಬೇರೆ. ಕೋಟಿ ಸಮಾಧಾನಿ, ತೂಕದ ಮಾತಿನವನು. ಚೆನ್ನಯ ಮುಂಗೋಪಿ, ಅನ್ಯಾಯ ಕಂಡರೆ ತಡೆದುಕೊಳ್ಳಲಾರದವನು. ತಮ್ಮನ ಕೈ ಸೊಂಟದ ಸುರಿಯದತ್ತ ಹೋದಾಗಲೆಲ್ಲ ತಡೆಯುವುದು ಅಣ್ಣನ ಕೆಲಸ. ಗರಡಿಯಲ್ಲಿ ಸಾಮು ಕಲಿತು ಬೆಳೆದ ಈ ಹುಡುಗರ ಮೇಲೆ ಬೀಡಿನ ಮಂತ್ರಿ ಮಲ್ಲಯ ಬುದ್ಧಿವಂತನಿಗೆ ಬಾಲ್ಯದಿಂದಲೇ ಅಸಹನೆ. ಅವನ ಮಕ್ಕಳೊಂದಿಗೆ ಆಡಿದ ಆಟದಲ್ಲಿ ಅವಳಿಗಳು ಗೆದ್ದದ್ದು, ಮಂತ್ರಿ ಬಂದು ಆಟದ ಸಾಮಾನುಗಳನ್ನು ಕಿತ್ತುಕೊಂಡದ್ದು ಆ ಹಗೆತನದ ಮೊದಲ ಅಧ್ಯಾಯ. ಹುಡುಗರ ಆಟದಲ್ಲೂ ಅಧಿಕಾರ ಕೈ ಹಾಕಿದ್ದನ್ನು ಹಾಡುಗಾರರು ಮರೆತಿಲ್ಲ.

ಪ್ರಾಯಕ್ಕೆ ಬಂದ ಸಹೋದರರು ಬೀಡಿಗೆ ಹೋಗಿ ತಾಯಿಗೆ ಕೊಟ್ಟ ಮಾತನ್ನು ನೆನಪಿಸಿದರು. ಅವರಿಗೆ ಬೇಸಾಯಕ್ಕೆ ಗದ್ದೆ ದೊರೆಯಿತು. ಆದರೆ ಆ ಗದ್ದೆಗೆ ಹೊಂದಿಕೊಂಡೇ ಬುದ್ಧಿವಂತನ ಗದ್ದೆಯೂ ಇತ್ತು.

ಕರಾವಳಿಯ ಬೇಸಾಯದ ಪರಿಚಯವಿಲ್ಲದ ಓದುಗರಿಗೆ ಇಲ್ಲಿ ಒಂದು ವಿವರಣೆ ಅಗತ್ಯ. ತುಳುನಾಡಿನ ಭೂಮಿಯನ್ನು ಎತ್ತರಕ್ಕೆ ತಕ್ಕಂತೆ ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಲಾಗುತ್ತದೆ. ಬೆಟ್ಟಿನಲ್ಲಿ ಮಳೆಯ ಒಂದೇ ಬೆಳೆ, ಅಂದರೆ ಏಣೇಲು. ಮಜಲಿನಲ್ಲಿ ಏಣೇಲಿನ ಬಳಿಕ ಸುಗ್ಗಿ. ನೀರು ನಿಲ್ಲುವ ಬೈಲಿನಲ್ಲಿ ಕೊಳಕೆ ಎಂಬ ಮೂರನೆಯ ಬೆಳೆಯೂ ಸಾಧ್ಯ. ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಬದು ಕಡಿದ ದಾರಿಯಲ್ಲಿ ಇಳಿಯುತ್ತದೆ. ಉತ್ತು ಹದ ಮಾಡಿ ಮೊಳಕೆಯ ಬೀಜ ಚೆಲ್ಲಿದ ದಿನ ಗದ್ದೆಯ ನೀರು ಅಲುಗಬಾರದು. ಆ ದಿನ ಯಾರಾದರೂ ಬದು ಕಡಿದು ನೀರು ನುಗ್ಗಿಸಿದರೆ ಬೀಜ ಕೊಚ್ಚಿಹೋಗುತ್ತದೆ, ನೀರು ಬಸಿದರೆ ಕೆಸರು ಬಿರಿಯುತ್ತದೆ. ಎರಡರಲ್ಲೂ ನಷ್ಟವಾಗುವುದು ಒಂದಿಡೀ ಬೆಳೆ. ಬದುವಿನ ಮೇಲೆ ಒಂದು ಹಾರೆಯ ಪೆಟ್ಟು ಒಂದು ಕುಟುಂಬದ ವರ್ಷದ ಅನ್ನವನ್ನು ಕಸಿಯಬಲ್ಲದು.

ಕಂಬಳ ಗದ್ದೆಯೆಂದರೆ ಇಂತಹ ಗದ್ದೆಗಳಲ್ಲೆಲ್ಲ ದೊಡ್ಡದು, ಮರ್ಯಾದೆಯದು. ಅದನ್ನು ಉಳುವ ದಿನಕ್ಕೆ ಮುಹೂರ್ತವಿತ್ತು, ದೈವದ ಅಪ್ಪಣೆಯಿತ್ತು, ಅಲಂಕರಿಸಿದ ಕೋಣಗಳಿದ್ದವು. ಕೆಲವೆಡೆ ಗದ್ದೆಯ ನಡುವೆ ಪೂಕರೆ ನೆಡುವ ವಿಧಿಯಿತ್ತು. ಇಂದಿನ ಓಟದ ಸ್ಪರ್ಧೆ ಬೆಳೆದು ಬಂದದ್ದು ಈ ಉಳುಮೆಯ ಸಂಭ್ರಮದಿಂದಲೇ.

ಕೋಟಿ-ಚೆನ್ನಯರು ತಮ್ಮ ಕಂಬಳದ ದಿನ ಗೊತ್ತುಪಡಿಸಲು ಬುದ್ಧಿವಂತನೊಂದಿಗೆ ಸಮಾಲೋಚಿಸಿದರು. ಅವನು ಸರಿಯಾದ ಮಾತು ಹೇಳದೆ ಅವರನ್ನು ದಾರಿ ತಪ್ಪಿಸಲು ನೋಡಿದ. ಸಹೋದರರು ಉತ್ತು ಬಿತ್ತಿದ ಬಳಿಕ ನೀರಿನ ವಿಚಾರವಾಗಿ ತಕರಾರು ತೆಗೆದ. ಕೋಟಿ ವಿನಯದಿಂದ ಬೇಡಿಕೊಂಡ, ಬದುವನ್ನು ಮುಟ್ಟದಂತೆ ವಿನಂತಿಸಿದ. ಮಂತ್ರಿ ಕೇಳಲಿಲ್ಲ. ಅವರ ಹುಟ್ಟನ್ನೂ ಕುಲವನ್ನೂ ಎತ್ತಿ ಹೀಯಾಳಿಸಿದ. ಬದು ಒಡೆಯಿತು, ಅದರೊಂದಿಗೆ ಚೆನ್ನಯನ ತಾಳ್ಮೆಯೂ ಒಡೆಯಿತು. ಬುದ್ಧಿವಂತ ಅದೇ ಕೆಸರಿನಲ್ಲಿ ಹೆಣವಾಗಿ ಬಿದ್ದ.

ಕೊಲೆ ಕೊಲೆಯೇ. ಪಾಡ್ದನವೂ ಅದನ್ನು ಮರೆಮಾಚುವುದಿಲ್ಲ. ಆದರೆ ಆ ಕ್ಷಣಕ್ಕೆ ತಲುಪುವವರೆಗೆ ಎಷ್ಟು ಸಲ ಅಣ್ಣ ತಮ್ಮನನ್ನು ತಡೆದ, ಎಷ್ಟು ಸಲ ನ್ಯಾಯಕ್ಕಾಗಿ ಮಾತಿನ ದಾರಿಯನ್ನೇ ಹಿಡಿದ ಎಂಬುದನ್ನು ಹಾಡು ನಿಧಾನವಾಗಿ ಎಣಿಸುತ್ತದೆ. ಕೇಳುಗರ ಮುಂದೆ ಇಟ್ಟಿರುವುದು ಆಯುಧದ ಹಿರಿಮೆಯಲ್ಲ, ದೂರು ಕೇಳಬೇಕಾದವನೇ ಅನ್ಯಾಯ ಮಾಡಿದಾಗ ಬಡವನು ಯಾರ ಬಳಿಗೆ ಹೋಗಬೇಕೆಂಬ ಪ್ರಶ್ನೆ.

ಮಾತು ತಪ್ಪಿದ ಅರಸು

ಸಹೋದರರು ಓಡಿಹೋಗಲಿಲ್ಲ. ನೇರವಾಗಿ ಬೀಡಿಗೆ ಹೋಗಿ ಬಲ್ಲಾಳನ ಮುಂದೆ ನಿಂತರು. ತಾಯಿಯ ಮದ್ದಿಗೆ ಪ್ರತಿಯಾಗಿ ಕೊಟ್ಟಿದ್ದ ಮಾತನ್ನು ಪೂರ್ಣವಾಗಿ ನಡೆಸಿಕೊಡುವಂತೆ ಕೇಳಿದರು. ಅವರು ಬೇಡಿದ್ದು ರಾಜ್ಯವನ್ನಲ್ಲ. ಬದುಕಲು ಬೇಕಾದ ಭೂಮಿ, ಕರೆಯುವ ಜಾನುವಾರು ಇಂತಹ ಗೃಹಸ್ಥರ ಬೇಡಿಕೆಗಳನ್ನೇ ಪಾಡ್ದನಗಳು ಒಂದೊಂದಾಗಿ ಹೇಳುತ್ತವೆ. ಒಂದೊಂದಕ್ಕೂ ಬಲ್ಲಾಳ ಇಲ್ಲವೆಂದ. ಜೀವ ಉಳಿದಾಗ ಕೊಟ್ಟ ಮಾತು ಲೆಕ್ಕ ಕೇಳಿದಾಗ ಭಾರವಾಯಿತು. ಹುಟ್ಟಿದ ನೆಲದ ನೀರನ್ನೂ ಮುಟ್ಟುವುದಿಲ್ಲವೆಂಬ ಹಟ ತೊಟ್ಟು ಅವರು ಪಡುಮಲೆಯನ್ನು ತೊರೆದರು.

ದಾರಿಯಲ್ಲಿ ಸುಂಕದ ಕಟ್ಟೆಯಿತ್ತು. ಹೊರುವ ಸರಕಿಲ್ಲದ ಈ ಇಬ್ಬರಿಂದಲೂ ಸುಂಕ ವಸೂಲಿಗೆ ನಿಂತ ದೇರೆ ಎಂಬ ಸುಂಕದವನು ಅವರ ಸುರಿಯಕ್ಕೂ ಬೆಲೆ ಕಟ್ಟಲು ಹೊರಟ. ಅವನೂ ಪ್ರಾಣ ತೆತ್ತ. ಮುಂದೆ ಪಂಜ ಸೀಮೆಯಲ್ಲಿ ಬಾಯಾರಿ ಒಂದು ಮನೆಯ ಅಂಗಳದಲ್ಲಿ ನಿಂತಾಗ ಅವರಿಗೆ ನೀರು ಕೊಡಲು ಬಂದ ಹೆಣ್ಣು ಕಿನ್ನಿದಾರು. ಅವಳು ಪಯ್ಯ ಬೈದ್ಯನ ಹೆಂಡತಿ. ಯಾರು, ಎಲ್ಲಿಯವರು, ತಾಯಿ ಯಾರು ಎಂದು ವಿಚಾರಿಸುತ್ತ ಹೋದಂತೆ ಅವರು ತನ್ನ ಒಡಹುಟ್ಟಿದವರೆಂಬುದು ಅವಳಿಗೆ ತಿಳಿಯಿತು. ಒಬ್ಬಳೇ ತಾಯಿಯ ಮಕ್ಕಳು ಪರಸ್ಪರ ಮುಖ ಕಾಣದೆ ಬೆಳೆದಿದ್ದರು. ರಕ್ತಪಾತದ ನಡುವೆ ಇರುವ ಈ ನೀರಿನ ಪ್ರಸಂಗ ಪಾಡ್ದನದ ಅತ್ಯಂತ ಮೃದುವಾದ ಭಾಗ. ಗದ್ದೆಯ ನೀರು ಕಸಿದುಕೊಂಡದ್ದನ್ನು ಅಕ್ಕನ ಕೈಯ ನೀರು ತುಸುವಾದರೂ ಮರಳಿಸಿತು.

ಆದರೆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಪಂಜದ ಕೇಮರ ಬಲ್ಲಾಳನ ಮಂತ್ರಿ ಚಂದುಗಿಡಿ ಆದರದ ನೆಪದಲ್ಲಿ ಅವರನ್ನು ಕರೆಸಿ ಸೆರೆಗೆ ತಳ್ಳಿಸಿದ. ಸಹೋದರರು ಸೆರೆ ಮುರಿದು ಹೊರಬಂದು ಎಣ್ಮೂರಿನ ದಾರಿ ಹಿಡಿದರು.

ಎಣ್ಮೂರಿನ ಕೊನೆಯ ದಿನಗಳು

ಇಂದಿನ ಸುಳ್ಯ-ಕಡಬ ಸೀಮೆಯಲ್ಲಿರುವ ಎಣ್ಮೂರಿನಲ್ಲಿ ಅವರಿಗೆ ಆಶ್ರಯ ನೀಡಿದವನು ದೇವ ಬಲ್ಲಾಳ. ಪಡುಮಲೆಯಲ್ಲಿ ಕೇಳಿದರೂ ಸಿಗದ ಭೂಮಿ ಇಲ್ಲಿ ಗೌರವದೊಂದಿಗೆ ದೊರೆಯಿತು. ಕಾಡು ಕಡಿದು ಗದ್ದೆ ಮಾಡಿ ಬೇಸಾಯ ಹೂಡಿದರು. ವೀರರೆಂದು ಪೂಜೆಗೊಳ್ಳುವ ಈ ಇಬ್ಬರು ತಮ್ಮ ಬದುಕಿನಲ್ಲಿ ಬಯಸಿದ್ದು ಉಳುವ ನೆಲವನ್ನು ಎಂಬುದಕ್ಕೆ ಎಣ್ಮೂರಿನ ದಿನಗಳೇ ಸಾಕ್ಷಿ. ಯಾರೂ ಕೆಣಕದಿದ್ದಾಗ ಅವರ ಕೈಯಲ್ಲಿದ್ದದ್ದು ನೇಗಿಲು.

ಮತ್ತೆ ಜಗಳ ಬಂದದ್ದು ಗಡಿಯ ಬೇಟೆಯಿಂದ. ಪೈರು ಹಾಳುಮಾಡುತ್ತಿದ್ದ ಕಾಡುಹಂದಿಯನ್ನು ಸಹೋದರರು ಕೊಂದರು. ಹಂದಿ ಬಿದ್ದ ನೆಲ ತನ್ನದೆಂದು ಪಂಜದ ಬಲ್ಲಾಳ ಹಕ್ಕು ಮಂಡಿಸಿದ. ಒಂದು ಹಂದಿಯ ಪಾಲು ಎರಡು ಸೀಮೆಗಳ ಮಾನದ ಪ್ರಶ್ನೆಯಾಯಿತು. ಹಳೆಯ ಹಗೆಯಿದ್ದ ಪಡುಮಲೆಯೂ ಪಂಜದ ಜತೆ ಸೇರಿತು. ಎಣ್ಮೂರಿನ ಪರವಾಗಿ ಅವಳಿಗಳು ಮುಂದೆ ನಿಂತು ಕಾದಿದರು. ಎದುರಾಳಿ ದಂಡು ಹಿಮ್ಮೆಟ್ಟಿತಾದರೂ ಬಾಣ ತಗುಲಿ ಕೋಟಿ ನೆಲಕ್ಕುರುಳಿದ.

ಸಾಯುವ ಮುನ್ನ ಕೋಟಿ ಬಲ್ಲಾಳರನ್ನು ಒಂದುಗೂಡಿಸಿ, ಮುಂದೆ ಹಗೆಯಿಲ್ಲದೆ ಬಾಳುವಂತೆ ಕೇಳಿಕೊಂಡನೆಂಬುದು ಹಲವು ಪಾಠಗಳಲ್ಲಿ ಬರುವ ಸಂಗತಿ. ಜೀವನವಿಡೀ ಅರಸರಿಂದ ನ್ಯಾಯ ಬೇಡಿದವನು ಕೊನೆಗೆ ಅರಸರ ನಡುವೆ ನ್ಯಾಯ ಹೇಳಿದ. ಅಣ್ಣನಿಲ್ಲದ ಲೋಕ ಚೆನ್ನಯನಿಗೆ ಬೇಡವಾಯಿತು. ಅವನು ಬಂಡೆಗೆ ತಲೆ ಬಡಿದುಕೊಂಡು ಪ್ರಾಣ ಬಿಟ್ಟ. ಒಟ್ಟಿಗೆ ಹುಟ್ಟಿದವರು ಒಟ್ಟಿಗೆ ಹೋದರು.

ಗರಡಿಯಿಂದ ಗ್ರಂಥಕ್ಕೆ

ಅವರ ಮರಣದ ಬಳಿಕ ಎಣ್ಮೂರಿನಲ್ಲಿ ಗರಡಿ ನಿರ್ಮಾಣವಾಯಿತು. ಅದನ್ನು ಆದಿ ಗರಡಿಯೆಂದು ಭಕ್ತರು ಗೌರವಿಸುತ್ತಾರೆ. ತುಳುನಾಡಿನ ಉದ್ದಗಲಕ್ಕೂ ಬೈದ್ಯೆರ್ಲು ಎಂಬ ಹೆಸರಿನಲ್ಲಿ ಅವರ ಆರಾಧನೆ ಹಬ್ಬಿತು. ಅರುವತ್ತಾರು ಗರಡಿಗಳೆಂಬುದು ಸಂಪ್ರದಾಯದ ಎಣಿಕೆ. ಕಂಬಳದ ಊರಾದ ಬಂಟ್ವಾಳದ ಕಕ್ಯಪದವಿನಲ್ಲೂ ಬ್ರಹ್ಮ ಬೈದರ್ಕಳ ಗರಡಿಯಿದೆ. ಕಂಬಳದ ಋತುವೇ ನೇಮೋತ್ಸವಗಳ ಋತುವೂ ಹೌದು. ಒಂದು ವಾರ ಕರೆಯ ಬಳಿ ಕೂಗುವ ಜನರೇ ಇನ್ನೊಂದು ವಾರ ಗರಡಿಯ ಅಂಗಳದಲ್ಲಿ ಕೈಮುಗಿದು ನಿಂತಿರುತ್ತಾರೆ.

ಬಾಯಿಂದ ಬಾಯಿಗೆ ಸಾಗಿದ ಈ ಕಥೆ 19ನೇ ಶತಮಾನದ ಕೊನೆಯಲ್ಲಿ ಅಚ್ಚಿಗೆ ಬಂತು. ಬಾಸೆಲ್ ಮಿಶನ್‌ನ ಮಾನ್ನರ್ 1886ರಲ್ಲಿ ಮಂಗಳೂರಿನಿಂದ ಪಾಡ್ದನಗಳ ಸಂಗ್ರಹವನ್ನು ಪ್ರಕಟಿಸಿದರು. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶರಾಗಿದ್ದ ವಿದ್ವಾಂಸ ಎ.ಸಿ. ಬರ್ನೆಲ್ ಸಂಗ್ರಹಿಸಿದ್ದ ಪಾಡ್ದನಗಳು ಅವರ ನಿಧನಾನಂತರ, 1890ರ ದಶಕದಲ್ಲಿ ಇಂಡಿಯನ್ ಆ್ಯಂಟಿಕ್ವರಿ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಬೆಳಕು ಕಂಡವು. ಕನ್ನಡದ ಓದುಗರಿಗೆ ಈ ಕಥೆಯನ್ನು ಗದ್ಯದಲ್ಲಿ ತಲುಪಿಸಿದವರು ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು. ವಾಮನ ನಂದಾವರ ಅವರು ಕೋಟಿ-ಚೆನ್ನಯರನ್ನೇ ವಿಷಯವಾಗಿಸಿಕೊಂಡು ಜಾನಪದ ಸಂಶೋಧನೆ ನಡೆಸಿದರು. ಯಕ್ಷಗಾನದ ರಂಗಸ್ಥಳದಲ್ಲಿ ಪ್ರಸಂಗವಾಗಿ, 1973ರಲ್ಲಿ ತುಳು ಚಲನಚಿತ್ರವಾಗಿ ಕಥೆ ಹೊಸ ತಲೆಮಾರುಗಳನ್ನು ಸೇರಿತು. ಪುತ್ತೂರಿನ ಬಳಿ ಅರಣ್ಯ ಇಲಾಖೆ ಬೆಳೆಸಿದ ಔಷಧಿವನಕ್ಕೆ ದೇಯಿ ಬೈದ್ಯೆತಿಯ ಹೆಸರಿಡಲಾಗಿದೆ. ತಾಯಿಯ ಮದ್ದಿಗೆ ಅರಸು ಸಲ್ಲಿಸದ ಋಣವನ್ನು ಸಮಾಜ ತಡವಾಗಿಯಾದರೂ ನೆನೆದಿದೆ.

ಗದ್ದೆ ಬದಲಾಯಿತು, ಓಟ ಉಳಿಯಿತು

ಅವರ ಕಾಲದ ಕಂಬಳಕ್ಕೂ ಇಂದಿನದಕ್ಕೂ ಅಂತರ ದೊಡ್ಡದು. ಒಂದು ಕಾಲದಲ್ಲಿ ಕಂಬಳ ಗದ್ದೆ ಬೀಡಿನ, ಗುತ್ತಿನ ಪ್ರತಿಷ್ಠೆಯಾಗಿತ್ತು. ಕೋಣ ಒಡೆಯನದು, ಉಳುವ ಮೈ ಒಕ್ಕಲಿನವನದು. ಕೊರಗ ಸಮುದಾಯದವರನ್ನು ಕಂಬಳದ ಹಿಂದಿನ ರಾತ್ರಿ ಪನಿಕುಲ್ಲುವ ಕಟ್ಟುಪಾಡಿಗೆ ಒಳಪಡಿಸಲಾಗುತ್ತಿತ್ತು. ಆ ಸಮುದಾಯವನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ಸರ್ಕಾರ 2000ರ ಕಾಯ್ದೆಯಿಂದ ನಿಷೇಧಿಸಿತು. ದೇವರಾಜ ಅರಸು ಅವರ ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣೆಯ ತಿದ್ದುಪಡಿಗಳಿಂದ ದಕ್ಷಿಣ ಕನ್ನಡದ ಸಾವಿರಾರು ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಶತಮಾನಗಳ ಹಿಂದೆ ಇಬ್ಬರು ಸಹೋದರರು ಬೀಡಿನ ಮುಂದೆ ನಿಂತು ಬೇಡಿದ್ದು ಕಾನೂನಿನ ಹಾಳೆಯಲ್ಲಿ ಬಂದದ್ದು ಆಗ.

ಕಂಬಳವೂ ಕ್ರಮೇಣ ಮನೆತನದ ಗದ್ದೆಯಿಂದ ಸಮಿತಿಗಳ ಕರೆಗೆ ಬಂತು. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳು ರೂಪುಗೊಂಡವು. ನೇಗಿಲು ಮತ್ತು ಹಗ್ಗದಲ್ಲಿ ಹಿರಿಯ, ಕಿರಿಯ ಎಂಬ ಭೇದವಿದೆ. ಕನೆಹಲಗೆಯಲ್ಲಿ ವೇಗಕ್ಕಿಂತ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂಬುದು ಮುಖ್ಯ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ತಾಗಬೇಕು. ಗಂತಿನಲ್ಲಿ ಬಿಟ್ಟ ಕೋಣಗಳು ಮಂಜೊಟ್ಟಿ ತಲುಪುವ ಹೊತ್ತನ್ನು ಯಂತ್ರಗಳು ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತವೆ.

2014ರ ಮೇ 7ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬಳಿಕ ಕಂಬಳದ ಭವಿಷ್ಯ ತೂಗುಯ್ಯಾಲೆಯಲ್ಲಿತ್ತು. ಪ್ರಾಣಿಗಳಿಗೆ ಹಿಂಸೆಯಾಗುತ್ತದೆಂಬ ಆಕ್ಷೇಪ ಒಂದೆಡೆ, ಸಂಸ್ಕೃತಿಯ ಹಕ್ಕೆಂಬ ವಾದ ಇನ್ನೊಂದೆಡೆ. ರಾಜ್ಯ ಸರ್ಕಾರ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆದು ರಾಜಧಾನಿಯ ಜನ ಕರೆಯ ಕೆಸರನ್ನು ಕಣ್ಣಾರೆ ಕಂಡರು. ಅನುಮತಿಯೊಂದಿಗೆ ಷರತ್ತುಗಳೂ ಇವೆ. ಬಾಯಿಲ್ಲದ ಕೋಣಗಳಿಗೂ ನ್ಯಾಯ ಸಲ್ಲಬೇಕೆಂಬುದು ಆ ಷರತ್ತುಗಳ ಸಾರ. ಅನ್ಯಾಯದ ವಿರುದ್ಧ ನಿಂತವರ ಹೆಸರಿನ ಕರೆಯಲ್ಲಿ ಆ ಷರತ್ತುಗಳನ್ನು ಪಾಲಿಸುವ ಹೊಣೆ ಇನ್ನಷ್ಟು ದೊಡ್ಡದು.

ಇಂದು ಫಲಿತಾಂಶದ ಪಟ್ಟಿಯಲ್ಲಿ ಕೋಣಗಳ ಯಜಮಾನರ ಹೆಸರಿನೊಂದಿಗೆ ಓಡಿಸಿದವರ ಹೆಸರೂ ಅಚ್ಚಾಗುತ್ತದೆ. ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡ 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ದೇಶವಿಡೀ ಅವರತ್ತ ತಿರುಗಿ ನೋಡಿತು. ಅದೇ ತಿಂಗಳು ಬೆಳ್ತಂಗಡಿಯ ವೇಣೂರಿನ ಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರ್ ದೂರವನ್ನು 13.61 ಸೆಕೆಂಡುಗಳಲ್ಲಿ ಮುಗಿಸಿದರು. ಕೋಣಗಳ ಎಳೆತದ ನೆರವಿನಿಂದ ಬರುವ ಈ ವೇಗವನ್ನು ಸಿಂಥೆಟಿಕ್ ಟ್ರ್ಯಾಕ್‌ನ ಓಟದೊಂದಿಗೆ ಹೋಲಿಸಲಾಗದು. ಆದರೆ ಒಡೆಯನ ಹೆಸರಿನ ಹಿಂದೆ ಮರೆಯಾಗುತ್ತಿದ್ದ ಓಟಗಾರ ಮುನ್ನೆಲೆಗೆ ಬಂದದ್ದು ಸಣ್ಣ ಬದಲಾವಣೆಯಲ್ಲ. ಗೆದ್ದ ಚಿನ್ನದ ಪವನು ಯಜಮಾನರ ಪಾಲಾದರೂ ಓಟಗಾರನಿಗೆ ತಕ್ಕ ಸಂಭಾವನೆ, ಗಾಯವಾದಾಗ ಭದ್ರತೆ ದೊರೆಯಬೇಕೆಂಬ ಮಾತು ಪ್ರತಿ ಋತುವಿನ ಹೊಸ್ತಿಲಲ್ಲೂ ಪ್ರಸ್ತುತವೇ.

ಮೂಡುಬಿದಿರೆಯ ಕಡಲಕೆರೆಯಲ್ಲಿ ಮುಂದಿನ ಕಂಬಳಕ್ಕೆ ನೀರು ತುಂಬಿ ಕೆಸರು ಹದಗೊಂಡಾಗ ಎರಡು ಕರೆಗಳ ನಡುವೆ ಒಂದು ಬದು ಇರುತ್ತದೆ. ಬದುಕಿನಲ್ಲಿ ಒಮ್ಮೆಯೂ ಎದುರಾಳಿಗಳಾಗದ ಇಬ್ಬರು ಸಹೋದರರು ಆ ಬದುವಿನ ಎರಡು ಬದಿಗಳಲ್ಲಿ ರಾತ್ರಿಯಿಡೀ ಪಂಥಕ್ಕಿಳಿಯುತ್ತಾರೆ. ಒಂದು ಸಲ ಕೋಟಿ ಕರೆ ಗೆಲ್ಲುತ್ತದೆ, ಇನ್ನೊಂದು ಸಲ ಚೆನ್ನಯ ಕರೆ. ಆದರೆ ಎರಡೂ ಕರೆಗಳಿಗೆ ನೀರಿನ ಮಟ್ಟ ಒಂದೇ, ಉದ್ದ ಒಂದೇ, ಓಡುವವರಿಗೆ ನಿಯಮವೂ ಒಂದೇ. ಪಡುಮಲೆಯ ಗದ್ದೆಯಲ್ಲಿ ಅವರು ಕೇಳಿದ್ದು ಇಷ್ಟನ್ನೇ.